ಅಣಬೆಯ ಮೇಲೊಬ್ಬ ಅತಿಥಿ

ಮಳೆ ಹಿಡಿದ ನಾಲ್ಕಾರು ದಿನಗಳಲ್ಲಿ ನಿಮ್ಮೂರಿನ ಗುಡ್ಡೆಯಲ್ಲಿ, ತೋಟದ ಅಂಚಿನಲ್ಲಿ, ಹುತ್ತದ ಬುಡದಲ್ಲಿ ಅಣಬೆಗಳು ತಲೆ ಎತ್ತುವುದನ್ನು ನೀವು ನೋಡಿರಬಹುದು. ನಾವು ಅಣಬೆ ಎನ್ನುವುದನ್ನು ತುಳುವಿನವರು ಅಲಂಬು ಎಂದೂ ಮಲೆಯಾಳದವರು ಕೂಣ್ ಎಂದೂ ಕರೆಯುತ್ತಾರೆ. ತಿನ್ನಲು ಬಾರದವುಗಳಿಗೆ ನಾಯಿಕೊಡೆ ಎಂಬ ಹೆಸರೂ ಉಂಟು. ಗುಡುಗಿದರೆ ಅಣಬೆ ಏಳುತ್ತದೆ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿದ್ದೀರಲ್ಲವೇ? ಅಣಬೆಯನ್ನು ತಿನ್ನುವವರು ನಾವು ಮಾತ್ರವಲ್ಲ. ಹುಳಗಳು ತಿನ್ನುತ್ತವೆ, ಬಸವನ ಹುಳು ತಿನ್ನುತ್ತದೆ, ಅಳಿಲು ತಿನ್ನುತ್ತದೆ. ಆದರೆ ಅಣಬೆಯನ್ನೇ ತಿಂದು ಬದುಕುವ ಇನ್ನೊಂದು ಶಿಲೀಂಧ್ರವೂ ಇದೆ ಎಂದರೆ ನಂಬುವಿರಾ? ಅದು ಅಣಬೆಯ ಮೈಮೇಲೆ ಹತ್ತಿ, ಒಳಹೊಕ್ಕು, ಅದರ ಬಣ್ಣ, ಆಕಾರ, ರುಚಿ ಎಲ್ಲವನ್ನೂ ಬದಲಿಸಿಬಿಡುತ್ತದೆ. ಈ ಪಾಠದಲ್ಲಿ ಅಂಥದೊಂದು ವಿಚಿತ್ರ ಜೀವಿಯ ಪರಿಚಯ ಮಾಡಿಕೊಳ್ಳೋಣ. ಅದರ ಬಳಗದವರು ನಮ್ಮ ಕರಿಮೆಣಸಿನ ತೋಟದಲ್ಲಿಯೂ ಇದ್ದಾರೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಅಣಬೆ ಎಂದರೇನು?

ಅಣಬೆ ಗಿಡವಲ್ಲ. ಅದರಲ್ಲಿ ಹಸಿರು ಇಲ್ಲ. ಆದ್ದರಿಂದ ಬಿಸಿಲಿನ ನೆರವಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಅಣಬೆ ಪ್ರಾಣಿಯೂ ಅಲ್ಲ. ಬಹಳ ಕಾಲ ಶಿಲೀಂಧ್ರಗಳನ್ನು ಸಸ್ಯಗಳ ಗುಂಪಿನಲ್ಲಿಯೇ ಸೇರಿಸಿದ್ದರು. 1969ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ತಮ್ಮದೇ ಆದ ಒಂದು ಸಾಮ್ರಾಜ್ಯ ದೊರಕಿತು.

ನಾವು ಕಿತ್ತು ತರುವ ಕೊಡೆಯಂಥ ಭಾಗ ಇಡೀ ಜೀವಿಯಲ್ಲ, ಅದರ ಫಲ ಮಾತ್ರ. ನಿಜವಾದ ಜೀವಿ ಮಣ್ಣಿನೊಳಗೋ ಮರದೊಳಗೋ ಇರುತ್ತದೆ. ಹತ್ತಿಯ ಎಳೆಗಳಿಗಿಂತಲೂ ಸೂಕ್ಷ್ಮವಾದ ತಂತುಗಳು ಬಲೆಯಂತೆ ಹೆಣೆದುಕೊಂಡು ಅಲ್ಲಿ ಹರಡಿರುತ್ತವೆ. ಇದಕ್ಕೆ ತಂತುಜಾಲ ಎಂದು ಹೆಸರು. ಮಣ್ಣಿನ ತೇವ ಮತ್ತು ಉಷ್ಣತೆ ಹದಕ್ಕೆ ಬಂದಾಗ ಈ ಜಾಲ ಮೇಲಕ್ಕೆ ಮೊಗ್ಗನ್ನು ತಳ್ಳುತ್ತದೆ. ಮೊಗ್ಗು ಅರಳಿ ಕೊಡೆಯಾಗುತ್ತದೆ. ಕೊಡೆಯ ಅಡಿಭಾಗದಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿಟ್ಟ ಪದರುಗಳಿರುತ್ತವೆ. ಆ ಪದರುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಾಣುಗಳು ಉದುರಿ ಗಾಳಿಯಲ್ಲಿ ತೇಲಿಹೋಗುತ್ತವೆ. ಗಿಡಕ್ಕೆ ಬೀಜ ಹೇಗೋ ಶಿಲೀಂಧ್ರಕ್ಕೆ ಬೀಜಾಣು ಹಾಗೆ.

ತಾನೇ ಆಹಾರ ತಯಾರಿಸಲಾರದ ಶಿಲೀಂಧ್ರ ಬದುಕುವುದು ಹೇಗೆ? ಅದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಸತ್ತ ವಸ್ತುವನ್ನು ಕೊಳೆಯಿಸಿ ತಿನ್ನುವುದು. ಒಣಹುಲ್ಲಿನ ಮೇಲೆ ಬೆಳೆಯುವ ಚಿಪ್ಪಿ ಅಣಬೆ ಈ ಗುಂಪಿನದು. ಎರಡನೆಯದು ಕೊಟ್ಟು ಪಡೆಯುವ ಸಹಜೀವನ. ಹುತ್ತದ ಅಣಬೆಯನ್ನು ಗೆದ್ದಲುಗಳು ಗೂಡಿನೊಳಗೆ ಸಾಕುತ್ತವೆ. ಶಿಲೀಂಧ್ರ ಅವು ತಂದ ಕಸಕಡ್ಡಿಗಳನ್ನು ಮೆದುಗೊಳಿಸಿ ಅವುಗಳಿಗೆ ಆಹಾರ ಒದಗಿಸುತ್ತದೆ. ಇನ್ನು ಕೆಲವು ಶಿಲೀಂಧ್ರಗಳು ಮರದ ಬೇರಿನ ತುದಿಗಳನ್ನು ಸುತ್ತಿಕೊಂಡು ಬದುಕುತ್ತವೆ. ಅವು ಮಣ್ಣಿನಿಂದ ನೀರು ಮತ್ತು ಲವಣಗಳನ್ನು ಮರಕ್ಕೆ ತಂದುಕೊಡುತ್ತವೆ, ಮರ ತನ್ನ ಎಲೆಯಲ್ಲಿ ತಯಾರಾದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಬೇರುಗಳಲ್ಲಿ ಇಂಥ ಕೊಡುಕೊಳ್ಳುವಿಕೆ ನಡೆಯುತ್ತದೆ. ಮೂರನೆಯ ದಾರಿ ಪರಾವಲಂಬನ. ಜೀವಂತ ಜೀವಿಯೊಂದರ ಮೈಯಿಂದ ಆಹಾರವನ್ನು ಪಡೆದು, ಬದಲಿಗೆ ಏನನ್ನೂ ಕೊಡದೆ ಇರುವುದೇ ಪರಾವಲಂಬನ. ಹೀಗೆ ಬದುಕುವುದು ಪರಾವಲಂಬಿ. ಅದಕ್ಕೆ ಆಸರೆ ಕೊಟ್ಟದ್ದು ಆತಿಥೇಯ.

ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆಯನ್ನು ನೀವು ಕಂಡಿದ್ದೀರಿ. ಅದು ಗಿಡದ ಮೇಲೆ ಬದುಕುವ ಗಿಡ. ಹಾಗೆಯೇ ಶಿಲೀಂಧ್ರದ ಮೇಲೆ ಬದುಕುವ ಶಿಲೀಂಧ್ರಗಳೂ ಇವೆ. ಅವುಗಳಲ್ಲಿ ಹೆಚ್ಚು ಹೆಸರುವಾಸಿಯಾದದ್ದು ಉತ್ತರ ಅಮೆರಿಕದ ಕಾಡುಗಳಲ್ಲಿದೆ.

ಲಾಬ್‌ಸ್ಟರ್ ಅಣಬೆ

ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ ಮತ್ತು ಮೆಕ್ಸಿಕೋಗಳ ಕಾಡುಗಳಲ್ಲಿ ರಸ್ಸುಲಾ ಬ್ರೆವಿಪೆಸ್ ಎಂಬ ಬಿಳಿಯ ಅಣಬೆ ಬೆಳೆಯುತ್ತದೆ. ದೇವದಾರುವಿನಂಥ ಸೂಚಿಪರ್ಣಿ ಮರಗಳ ಬೇರುಗಳೊಂದಿಗೆ ಅದರ ಸಹಜೀವನ. ಅಂಗೈಯಷ್ಟು ಅಗಲದ ಈ ಅಣಬೆ ಒಳ್ಳೆಯ ಗಾತ್ರದ್ದಾದರೂ ರುಚಿಯಲ್ಲಿ ಸಪ್ಪೆ. ಅದನ್ನು ತಿನ್ನಬಹುದು, ಆದರೆ ಹುಡುಕಿಕೊಂಡು ಹೋಗುವವರು ಕಡಿಮೆ. ಅದೇ ಕಾಡುಗಳಲ್ಲಿ ಲ್ಯಾಕ್ಟಿಫ್ಲೂಸ್ ಪೈಪರೇಟಸ್ ಎಂಬ ಇನ್ನೊಂದು ಬಿಳಿಯ ಅಣಬೆ ಇದೆ. ಅದನ್ನು ಮುರಿದರೆ ಹಾಲು ಒಸರುತ್ತದೆ. ಆ ಹಾಲು ನಾಲಗೆಗೆ ತಾಗಿದರೆ ಮೆಣಸು ಕಚ್ಚಿದ ಹಾಗೆ ಉರಿ. ಪೈಪರೇಟಸ್ ಎಂಬ ಹೆಸರು ಬಂದದ್ದೂ ಕರಿಮೆಣಸಿನಿಂದಲೇ. ಲ್ಯಾಟಿನ್ ಭಾಷೆಯಲ್ಲಿ ಮೆಣಸಿಗೆ ಪೈಪರ್ ಎನ್ನುತ್ತಾರೆ. ಆ ಮಾತಿನ ಮೂಲ ನಮ್ಮ ಪಿಪ್ಪಲಿ! ನಮ್ಮ ಕರಾವಳಿಯಿಂದ ಹಡಗೇರಿ ಹೋದ ಮೆಣಸಿನ ಹೆಸರು ದೂರದ ಕಾಡಿನ ಅಣಬೆಯೊಂದಕ್ಕೆ ಅಂಟಿಕೊಂಡಿದೆ.

ಈ ಎರಡೂ ಅಣಬೆಗಳ ಮೇಲೆ ಹೈಪೊಮೈಸಿಸ್ ಲ್ಯಾಕ್ಟಿಫ್ಲುವೋರಮ್ ಎಂಬ ಪರಾವಲಂಬಿ ದಾಳಿ ಮಾಡುತ್ತದೆ. ದಾಳಿಗೆ ಸಿಕ್ಕ ಅಣಬೆಯನ್ನು ನೋಡಿದರೆ ಹಿಂದಿನ ಗುರುತು ಸಿಗುವುದಿಲ್ಲ. ಬಿಳಿಯ ಬಣ್ಣ ಹೋಗಿ ಹೊಳೆಯುವ ಕಿತ್ತಳೆ ಬಣ್ಣ ಬರುತ್ತದೆ. ಕೊಡೆ ಸೊಟ್ಟಗಾಗುತ್ತದೆ. ಅಡಿಯ ಪದರುಗಳು ಮುಚ್ಚಿಹೋಗಿ ಅಲ್ಲಿ ಸಣ್ಣ ಏಣುಗಳಷ್ಟೇ ಉಳಿಯುತ್ತವೆ. ಕೆಲವೊಮ್ಮೆ ಅವೂ ಉಳಿಯುವುದಿಲ್ಲ. ಪುಡಿಪುಡಿಯಾಗಿ ಒಡೆಯುತ್ತಿದ್ದ ತಿರುಳು ಗಟ್ಟಿಯಾಗುತ್ತದೆ. ಹೊರಗೆ ಕೆಂಪು ಕಿತ್ತಳೆ, ಕೊಯ್ದರೆ ಒಳಗೆ ಬಿಳಿ. ಬೇಯಿಸಿದ ಲಾಬ್‌ಸ್ಟರಿನ ಬಣ್ಣವೂ ಹೀಗೆಯೇ. ಲಾಬ್‌ಸ್ಟರ್ ಎಂದರೆ ಸಿಗಡಿಯ ಬಳಗಕ್ಕೆ ಸೇರಿದ, ಗಟ್ಟಿ ಚಿಪ್ಪಿನ ದೊಡ್ಡ ಕಡಲ ಜೀವಿ. ಬಣ್ಣದ ಜೊತೆಗೆ ಕಡಲ ಆಹಾರವನ್ನು ನೆನಪಿಸುವ ವಾಸನೆಯೂ ಇದಕ್ಕಿದೆ. ಹೀಗಾಗಿ ಅಲ್ಲಿನ ಜನ ಇದನ್ನು ಲಾಬ್‌ಸ್ಟರ್ ಅಣಬೆ ಎಂದೇ ಕರೆಯುತ್ತಾರೆ. ಮೆಕ್ಸಿಕೋದ ಹಳ್ಳಿಗರು ಅದರ ಸೊಟ್ಟ ಆಕಾರವನ್ನು ಕಂಡು ಹಂದಿಯ ಮೂತಿ ಎಂದು ಹೆಸರಿಟ್ಟರು.

ಸಪ್ಪೆಯಾಗಿದ್ದದ್ದು, ಖಾರವಾಗಿದ್ದದ್ದು ಈಗ ರುಚಿಯಾದ ಆಹಾರವಾಗಿರುತ್ತದೆ! ಬೇಸಿಗೆಯ ಕೊನೆಯಿಂದ ಚಳಿಗಾಲ ಕಾಲಿಡುವವರೆಗೆ ಅಮೆರಿಕದ ಪಶ್ಚಿಮ ಕರಾವಳಿಯ ಓರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲಿಯೂ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿಯೂ ಜನ ಬುಟ್ಟಿ ಹಿಡಿದು ಕಾಡಿಗೆ ಹೋಗಿ ಇದನ್ನು ಆಯ್ದು ತರುತ್ತಾರೆ. ಸಂತೆಗಳಲ್ಲಿ ಮಾರುತ್ತಾರೆ. ಒಣಗಿಸಿಯೂ ಇಡುತ್ತಾರೆ. ಒಂದು ಅಣಬೆಗೆ ಬಂದ ರೋಗವೇ ಮನುಷ್ಯನಿಗೆ ಒಂದು ಬೆಳೆಯಾಯಿತು.

ಇದನ್ನು ಮೊದಲು ವಿಜ್ಞಾನದ ಭಾಷೆಯಲ್ಲಿ ವರ್ಣಿಸಿದವರು ಲೂಯಿಸ್ ಡೇವಿಡ್ ಫಾನ್ ಶ್ವೈನಿಟ್ಸ್. 1780ರಿಂದ 1834ರ ವರೆಗೆ ಬದುಕಿದ್ದ ಇವರು ಅಮೆರಿಕದ ಒಬ್ಬ ಕ್ರೈಸ್ತ ಪಾದ್ರಿ. ಉತ್ತರ ಕೆರೊಲೈನಾದಲ್ಲಿ ಧರ್ಮಕಾರ್ಯ ಮಾಡುತ್ತಲೇ ಸುತ್ತಲಿನ ಕಾಡುಗಳ ಶಿಲೀಂಧ್ರಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದರು. 1822ರಲ್ಲಿ ಪ್ರಕಟವಾದ ಅವರ ಬರಹದಲ್ಲಿ ಈ ಶಿಲೀಂಧ್ರದ ವಿವರಣೆ ಇದೆ. 1860ರಲ್ಲಿ ಫ್ರಾನ್ಸಿನ ಟುಲಾನ್ ಸಹೋದರರು ಇದನ್ನು ಹೈಪೊಮೈಸಿಸ್ ಎಂಬ ಕುಲಕ್ಕೆ ಸೇರಿಸಿದರು. ಇಂದಿಗೂ ಅದೇ ಹೆಸರು ನಡೆಯುತ್ತಿದೆ.

ದಾಳಿ ನಡೆಯುವ ಬಗೆ

ಪರಾವಲಂಬಿ ಬರುವುದು ಅಣಬೆ ಇನ್ನೂ ಎಳೆಯದಾಗಿ, ಕೊಳೆತ ಎಲೆಗಳ ಅಡಿಯಲ್ಲಿ ಮೊಗ್ಗಾಗಿರುವಾಗ. ಅದರ ತಂತುಗಳು ಅಣಬೆಯ ಮೈಯನ್ನು ತೆಳುವಾದ ಬಟ್ಟೆಯಂತೆ ಹೊದೆಯುತ್ತವೆ. ಬಳಿಕ ಒಳಕ್ಕೂ ಇಳಿಯುತ್ತವೆ. ಅಣಬೆ ಮಣ್ಣನ್ನು ಸೀಳಿಕೊಂಡು ಮೇಲೆ ಬರುವ ಹೊತ್ತಿಗೆ ಅದು ಅರ್ಧ ಬೇರೆಯವರ ಸ್ವತ್ತಾಗಿರುತ್ತದೆ.

ಬಲಿತ ಲಾಬ್‌ಸ್ಟರ್ ಅಣಬೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈಯೆಲ್ಲ ಬೆವರುಸಾಲೆಯಂಥ ಸಣ್ಣ ಗುಳ್ಳೆಗಳು ಕಾಣುತ್ತವೆ. ಒಂದೊಂದು ಗುಳ್ಳೆಯೂ ಹೂಜಿಯ ಆಕಾರದ ಒಂದೊಂದು ಕೋಣೆಯ ಬಾಯಿ. ಆ ಕೋಣೆಗಳೊಳಗೆ ಉದ್ದನೆಯ ಚೀಲಗಳು, ಒಂದೊಂದು ಚೀಲದಲ್ಲಿ ಎಂಟೆಂಟು ಬೀಜಾಣುಗಳು. ಬೀಜಾಣುವಿನ ಆಕಾರ ನೂಲುವ ಕದಿರಿನಂತೆ. ಉದ್ದ ಹೆಚ್ಚೆಂದರೆ ಒಂದು ಮಿಲಿಮೀಟರಿನ 20ರಲ್ಲಿ ಒಂದು ಭಾಗದಷ್ಟು. ಬಲಿತ ಅಣಬೆಯ ಸುತ್ತ ಇವು ಬಿಳಿಯ ಹುಡಿಯಾಗಿ ಉದುರಿರುತ್ತವೆ. ಗಮನಿಸಿ, ಕೊಡೆಯ ಅಡಿಯಲ್ಲಿ ಆತಿಥೇಯ ತನ್ನ ಬೀಜಾಣುಗಳನ್ನು ಬೆಳೆಸಬೇಕಿದ್ದ ಪದರುಗಳೇ ಈಗ ಇಲ್ಲ. ತನ್ನ ಸಂತತಿಗೆಂದು ಅದು ಎತ್ತಿದ ಕೊಡೆ ಇನ್ನೊಬ್ಬರ ಸಂತತಿಗೆ ಮೀಸಲಾಯಿತು.

ಹಾಗಾದರೆ ರಸ್ಸುಲಾದ ವಂಶವೇ ಅಳಿದುಹೋಗಬೇಕಲ್ಲವೇ? ಹಾಗಾಗುವುದಿಲ್ಲ. ಮಾವಿನ ಕಾಯಿಗೆ ಹುಳು ಬಿದ್ದರೆ ಮರ ಸಾಯುವುದಿಲ್ಲ. ಮಣ್ಣಿನಡಿಯ ತಂತುಜಾಲ ಮರದ ಬೇರನ್ನು ಹಿಡಿದುಕೊಂಡು ಬದುಕಿಯೇ ಇರುತ್ತದೆ. ಎಲ್ಲ ಅಣಬೆಗಳಿಗೂ ಸೋಂಕು ತಗಲುವುದಿಲ್ಲ. ತಪ್ಪಿಸಿಕೊಂಡವು ಬೀಜಾಣುಗಳನ್ನು ಹರಡುತ್ತವೆ.

ಈ ಅಣಬೆಯಲ್ಲಿ ಎಷ್ಟು ಭಾಗ ಹಳೆಯದು, ಎಷ್ಟು ಭಾಗ ಹೊಸದು ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿರಬಹುದು. ಕೆನಡಾದ ಕ್ವಿಬೆಕ್ ಪ್ರಾಂತದ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಅಣಬೆಯ ಭಾಗಗಳಲ್ಲಿ ಯಾವ ಜೀವಿಯ ಡಿಎನ್ಎ ಎಷ್ಟಿದೆ ಎಂದು ಅಳೆದರು. 2018ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಸೋಂಕಿನ ಆರಂಭದಲ್ಲಿ ಎರಡೂ ಜೀವಿಗಳ ಡಿಎನ್ಎ ಸಿಗುತ್ತದೆ. ಸೋಂಕು ಬಲಿತಂತೆ ರಸ್ಸುಲಾದ ಡಿಎನ್ಎ ತೀರ ಕಡಿಮೆಯಾಗಿ ಪರಾವಲಂಬಿಯದೇ ಹೆಚ್ಚುತ್ತದೆ. ಅಣಬೆಯೊಳಗಿನ ರಾಸಾಯನಿಕಗಳೂ ಬದಲಾಗುತ್ತವೆ. ಎಂದರೆ ಜನ ರುಚಿಯಾಗಿದೆ ಎಂದು ತಿನ್ನುವುದು ಬಹುಪಾಲು ಅತಿಥಿಯನ್ನು, ಆತಿಥೇಯನನ್ನಲ್ಲ.

ಬಣ್ಣ ಕೊಡುವ ಅಣಬೆ

ಈ ಅಣಬೆಗೆ ಇನ್ನೊಂದು ಉಪಯೋಗವಿದೆ. ಅದರ ಕಿತ್ತಳೆ ಬಣ್ಣದ ಹೊರಪದರನ್ನು ಕೆತ್ತಿ ನೀರಿನಲ್ಲಿ ಕುದಿಸಿದರೆ ಉಣ್ಣೆಗೆ ಹಾಕುವ ಬಣ್ಣ ಸಿಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಕೆಂಪಾಗುವುದನ್ನು ನೀವು ಮನೆಯಲ್ಲಿ ಕಂಡಿದ್ದೀರಿ. ಇದೂ ಹಾಗೆಯೇ. ಬಣ್ಣದ ನೀರಿಗೆ ಕ್ಷಾರವನ್ನು ಸೇರಿಸಿದರೆ ಉಣ್ಣೆ ಗುಲಾಬಿಯಿಂದ ನೇರಳೆಯ ಕಡೆಗೆ ತಿರುಗುತ್ತದೆ. ಅಣಬೆಗಳಿಂದ ಬಣ್ಣ ತೆಗೆಯುವ ಕಲೆಯನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಕ್ಯಾಲಿಫೋರ್ನಿಯಾದ ಕಲಾವಿದೆ ಮಿರಿಯಮ್ ರೈಸ್. 1974ರಲ್ಲಿ ಅವರು ಈ ವಿಷಯವಾಗಿ ಒಂದು ಪುಸ್ತಕವನ್ನೂ ಹೊರತಂದರು.

ಇಷ್ಟೊಂದು ಬೇಡಿಕೆ ಇರುವ ಅಣಬೆಯನ್ನು ಚಿಪ್ಪಿ ಅಣಬೆಯಂತೆ ಮನೆಯಲ್ಲಿ ಬೆಳೆಸಬಾರದೇಕೆ? ಯೋಚಿಸಿ ನೋಡಿ. ಲಾಬ್‌ಸ್ಟರ್ ಅಣಬೆ ಬೇಕಾದರೆ ಮೊದಲು ರಸ್ಸುಲಾ ಬೇಕು. ರಸ್ಸುಲಾ ಬೇಕಾದರೆ ಜೀವಂತ ಮರದ ಬೇರು ಬೇಕು. ಬೇರು ಇರಬೇಕಾದರೆ ಕಾಡು ಬೇಕು. ಮರ, ಮರದ ಜೊತೆಗಾರ, ಆ ಜೊತೆಗಾರನ ಪರಾವಲಂಬಿ ಹೀಗೆ ಮೂರು ಜೀವಿಗಳು ಒಂದೆಡೆ ಕೂಡಿದಾಗ ಮಾತ್ರ ಬುಟ್ಟಿ ತುಂಬುತ್ತದೆ. ಕಾಡನ್ನು ಕಡಿದು ಹಾಕಿದರೆ ಮರದೊಂದಿಗೆ ಉಳಿದೆರಡೂ ಹೋಗುತ್ತವೆ.

ಕಾಣದಿರುವ ಅಪಾಯ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಅಣಬೆಯನ್ನು ಗುರುತಿಸುವವರು ಕೊಡೆಯ ಬಣ್ಣ, ಅಡಿಯ ಪದರು, ಕಾಂಡದ ಉಂಗುರ, ಬುಡದ ಚೀಲ, ಬೀಜಾಣುವಿನ ಬಣ್ಣ ಇವುಗಳನ್ನು ನೋಡುತ್ತಾರೆ. ಪರಾವಲಂಬಿ ಅಳಿಸಿಹಾಕುವುದು ಇವೇ ಗುರುತುಗಳನ್ನು. ಒಳಗಿರುವ ಆತಿಥೇಯ ಯಾವುದೆಂದು ಹೊರಗಿನಿಂದ ಹೇಳುವುದು ಕಷ್ಟವಾಗುತ್ತದೆ. ಈ ಕಾರಣಕ್ಕೆ ಬಲ್ಲವರು ಒಂದು ನಿಯಮ ಪಾಲಿಸುತ್ತಾರೆ: ಸುತ್ತಮುತ್ತ ಸೋಂಕಿಲ್ಲದ ರಸ್ಸುಲಾಗಳು ಬೆಳೆದಿವೆಯೇ ಎಂದು ನೋಡದೆ ಲಾಬ್‌ಸ್ಟರ್ ಅಣಬೆಯನ್ನು ಕೀಳುವುದಿಲ್ಲ. ಮೆತ್ತಗಾದ, ಕಡುನೇರಳೆಗೆ ತಿರುಗಿದ, ಕೆಟ್ಟ ವಾಸನೆಯ ಅಣಬೆಯನ್ನು ಮುಟ್ಟುವುದಿಲ್ಲ. ಅದು ಆಗಲೇ ಕೊಳೆಯತೊಡಗಿರುತ್ತದೆ.

ಹೈಪೊಮೈಸಿಸ್ ಕುಲದ ಎಲ್ಲರೂ ಲ್ಯಾಕ್ಟಿಫ್ಲುವೋರಮ್‌ನಂತೆ ಉಪಕಾರಿಗಳಲ್ಲ. ಹೈಪೊಮೈಸಿಸ್ ಕ್ರೈಸೊಸ್ಪರ್ಮಸ್ ಎಂಬುದು ಬೊಲೀಟ್ ಜಾತಿಯ ಅಣಬೆಗಳನ್ನು ಹಿಡಿಯುತ್ತದೆ. ಕೊಡೆಯ ಅಡಿಯಲ್ಲಿ ಪದರುಗಳ ಬದಲು ಸಣ್ಣ ತೂತುಗಳಿರುವ ಈ ಅಣಬೆಗಳಲ್ಲಿ ಹಲವು ಒಳ್ಳೆಯ ಆಹಾರ. ಪರಾವಲಂಬಿ ಮೊದಲು ಬಿಳಿಯ ಬೂಷ್ಟಾಗಿ, ಆಮೇಲೆ ಚಿನ್ನದ ಹಳದಿಯ ಹುಡಿಯಾಗಿ ಹರಡುತ್ತದೆ. ಅಣಬೆ ಮೆತ್ತಗಾಗಿ ಕೊಳೆತುಹೋಗುತ್ತದೆ. ಅದನ್ನು ತಿನ್ನಬಾರದು. ಹೈಪೊಮೈಸಿಸ್ ಹಯಲಿನಸ್ ಎಂಬ ಮತ್ತೊಂದು ಅಮಾನಿಟಾ ಕುಲದ ಅಣಬೆಯನ್ನು ಹಿಡಿದು ಒನಕೆಯ ತುದಿಯಂತೆ ಮೊಂಡಾಗಿಸುತ್ತದೆ. ಅಮಾನಿಟಾ ಕುಲದಲ್ಲಿಯೇ ಜಗತ್ತಿನ ಅತಿ ವಿಷಕಾರಿ ಅಣಬೆಗಳಿವೆ. ಅವುಗಳಲ್ಲಿ ಒಂದಾದ ಅಮಾನಿಟಾ ಫ್ಯಾಲಾಯ್ಡಿಸ್‌ನ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ತಿಂದು ಆರು ಗಂಟೆಗೂ ಹೆಚ್ಚು ಕಾಲ ಏನೂ ಆಗದಿರುವುದರಿಂದ ತಿಂದವರಿಗೆ ಅನುಮಾನವೇ ಬರುವುದಿಲ್ಲ.

ಈ ಮಾತು ನಮ್ಮೂರಿಗೂ ಸಲ್ಲುತ್ತದೆ. ಅಣಬೆಯ ಸಾರಿಗೆ ಬೆಳ್ಳಿಯ ನಾಣ್ಯ ಹಾಕಿ ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುವವರುಂಟು. ಅರಿಶಿನ ಹಾಕಿದಾಗ ಬಣ್ಣ ತಿರುಗದಿದ್ದರೆ ಒಳ್ಳೆಯದು ಎನ್ನುವವರುಂಟು. ಹುಳ ತಿಂದದ್ದನ್ನು ಮನುಷ್ಯನೂ ತಿನ್ನಬಹುದು ಎನ್ನುವವರೂ ಇದ್ದಾರೆ. ಈ ಪರೀಕ್ಷೆಗಳಲ್ಲಿ ಒಂದೂ ನಂಬತಕ್ಕದ್ದಲ್ಲ. ಅಣಬೆಯ ವಿಷಗಳು ಬೆಳ್ಳಿಯ ಬಣ್ಣವನ್ನಾಗಲಿ ಅರಿಶಿನದ ಬಣ್ಣವನ್ನಾಗಲಿ ಬದಲಿಸುವುದಿಲ್ಲ. ಹುಳದ ಹೊಟ್ಟೆಯೇ ಬೇರೆ, ನಮ್ಮ ಹೊಟ್ಟೆಯೇ ಬೇರೆ. ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ಬಿಳಿಯ ದೊಡ್ಡ ಅಣಬೆ ಹುಲ್ಲುಗಾವಲುಗಳಲ್ಲಿ, ಅಂಗಳಗಳಲ್ಲಿ ಏಳುತ್ತದೆ. ಎಳೆಯದಿರುವಾಗ ತಿನ್ನುವ ಅಣಬೆಯಂತೆಯೇ ಕಾಣುತ್ತದೆ. ಬಲಿತ ಮೇಲೆ ಅದರ ಅಡಿಯ ಪದರುಗಳು ಹಸಿರು ಛಾಯೆಗೆ ತಿರುಗುತ್ತವೆ. ಅದನ್ನು ತಿಂದವರಿಗೆ ವಾಂತಿ, ಭೇದಿ ತಪ್ಪಿದ್ದಲ್ಲ. ಕೇರಳದಲ್ಲಿಯೂ ಇದರಿಂದ ಜನ ಆಸ್ಪತ್ರೆ ಸೇರಿದ್ದುಂಟು. ಆದ್ದರಿಂದ ತಲೆಮಾರುಗಳಿಂದ ಬಲ್ಲ ಹಿರಿಯರು ಗುರುತಿಸದ ಅಣಬೆಯನ್ನು ಅಡುಗೆಮನೆಗೆ ತರಬಾರದು. ಗುರುತು ಕೆಟ್ಟ, ಬೂಷ್ಟು ಹಿಡಿದ, ಬಣ್ಣ ತಿರುಗಿದ ಅಣಬೆ ಎಷ್ಟೇ ಪರಿಚಿತ ಜಾಗದಲ್ಲಿ ಬೆಳೆದಿದ್ದರೂ ಅಲ್ಲಿಯೇ ಬಿಡಬೇಕು. ಅಣಬೆ ತಿಂದ ಬಳಿಕ ಯಾರಿಗಾದರೂ ಅಸ್ವಸ್ಥತೆ ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಳಿದ ಅಣಬೆಯ ತುಂಡನ್ನೂ ಜೊತೆಗೆ ಒಯ್ಯಬೇಕು. ವೈದ್ಯರಿಗೆ ಅದು ನೆರವಾಗುತ್ತದೆ.

ನಮ್ಮ ತೋಟದಲ್ಲಿ ಅದೇ ಬಳಗ

ಅಣಬೆ ಬೆಳೆಯುವ ರೈತರಿಗೆ ಹೈಪೊಮೈಸಿಸ್ ಬಳಗ ಚೆನ್ನಾಗಿ ಗೊತ್ತು. ಪೇಟೆಯಲ್ಲಿ ಸಿಗುವ ಬಿಳಿ ಗುಂಡಿ ಅಣಬೆಗೆ ಹೈಪೊಮೈಸಿಸ್ ಪರ್ನಿಸಿಯೋಸಸ್ ಎಂಬ ಶಿಲೀಂಧ್ರ ತಗಲಿದರೆ ಅದು ಅಣಬೆಯ ಆಕಾರಕ್ಕೇ ಬರುವುದಿಲ್ಲ. ಆಕಾರವಿಲ್ಲದ ಗೆಡ್ಡೆಯಾಗಿ ಊದಿ, ಕಂದು ಬಣ್ಣದ ನೀರನ್ನು ಒಸರುತ್ತದೆ. ಭಾರತದ ಅಣಬೆ ಕೃಷಿಯಲ್ಲಿಯೂ ಈ ರೋಗ ಕಾಣಿಸಿಕೊಂಡಿದೆ. ಇಂಥ ರೋಗಗಳನ್ನೂ ಅಣಬೆಯ ತಳಿಗಳನ್ನೂ ಅಭ್ಯಾಸ ಮಾಡಲು ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ ರಾಷ್ಟ್ರೀಯ ಮಟ್ಟದ ಅಣಬೆ ಸಂಶೋಧನ ಸಂಸ್ಥೆ ಇದೆ.

ಆದರೆ ಇದೇ ಕುಟುಂಬದ ಇನ್ನೊಂದು ಸದಸ್ಯನನ್ನು ನಮ್ಮ ರೈತರು ಹಣ ಕೊಟ್ಟು ಕೊಂಡು ತರುತ್ತಾರೆ! ಅದರ ಹೆಸರು ಟ್ರೈಕೋಡರ್ಮಾ. ಹೈಪೊಮೈಸಿಸ್, ಟ್ರೈಕೋಡರ್ಮಾ ಎರಡೂ ಹೈಪೊಕ್ರಿಯೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಟ್ರೈಕೋಡರ್ಮಾ ಮಣ್ಣಿನಲ್ಲಿ ಇತರ ಶಿಲೀಂಧ್ರಗಳನ್ನು ಹಿಡಿದು ತಿನ್ನುತ್ತದೆ ಎಂಬುದನ್ನು 1932ರಲ್ಲಿ ರಿಚರ್ಡ್ ವೈಂಡ್ಲಿಂಗ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅದರ ತಂತುಗಳು ಬೇಟೆಯ ತಂತುಗಳನ್ನು ಮೆಣಸಿನ ಬಳ್ಳಿ ಮರವನ್ನು ಸುತ್ತುವಂತೆ ಸುತ್ತಿಕೊಳ್ಳುತ್ತವೆ. ಶಿಲೀಂಧ್ರದ ಜೀವಕೋಶದ ಗೋಡೆ ಕೈಟಿನ್ ಎಂಬ ವಸ್ತುವಿನಿಂದ ಆದದ್ದು. ಸಿಗಡಿ, ಏಡಿ, ಲಾಬ್‌ಸ್ಟರ್‌ಗಳ ಚಿಪ್ಪಿನಲ್ಲಿರುವುದೂ ಅದೇ ಕೈಟಿನ್. ಟ್ರೈಕೋಡರ್ಮಾ ಈ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸಿ ಒಳಗಿನ ಸಾರವನ್ನು ಹೀರುತ್ತದೆ. ಜೊತೆಗೆ ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ತಾನೇ ಮೊದಲು ಆಕ್ರಮಿಸಿ ರೋಗಾಣುಗಳಿಗೆ ನೆಲೆ ಇಲ್ಲದಂತೆ ಮಾಡುತ್ತದೆ.

ಕರಿಮೆಣಸಿನ ಬಳ್ಳಿಗೆ ಮಳೆಗಾಲದಲ್ಲಿ ಬರುವ ಸೊರಗು ರೋಗವನ್ನು ನೀವು ಬಲ್ಲಿರಿ. ಹಸಿರಾಗಿದ್ದ ಬಳ್ಳಿ ಕೆಲವೇ ದಿನಗಳಲ್ಲಿ ಎಲೆ ಉದುರಿಸಿ ಒಣಗುತ್ತದೆ. ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಇದನ್ನು ತಡೆಯಲು ಕೃಷಿ ವಿಜ್ಞಾನಿಗಳು ಟ್ರೈಕೋಡರ್ಮಾವನ್ನು ಸೂಚಿಸುತ್ತಾರೆ. 90 ಕಿಲೋ ಹಟ್ಟಿ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1ರಿಂದ 2 ಕಿಲೋ ಟ್ರೈಕೋಡರ್ಮಾ ಹುಡಿ ಇವನ್ನು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿ ಇಡುತ್ತಾರೆ. ಒಂದೆರಡು ವಾರಗಳಲ್ಲಿ ರಾಶಿಯ ಮೇಲೆ ಹಸಿರು ಬೂಷ್ಟು ಹರಡುತ್ತದೆ. ಆಗ ಅದನ್ನು ಬಳ್ಳಿಗಳ ಬುಡಕ್ಕೆ ಹಾಕುತ್ತಾರೆ. ಶಿಲೀಂಧ್ರನಾಶಕವನ್ನು ಸುರಿದ ಬೆನ್ನಿಗೇ ಟ್ರೈಕೋಡರ್ಮಾ ಹಾಕಬಾರದು, ಯಾಕೆಂದರೆ ಅದೂ ಶಿಲೀಂಧ್ರವೇ ಅಲ್ಲವೇ? ಎರಡರ ನಡುವೆ ಅಂತರ ಬೇಕು.

ಈಗ ಒಂದು ಪ್ರಶ್ನೆ. ಅದೇ ಮನೆಯವರು ಹಿತ್ತಿಲಿನಲ್ಲಿ ಒಣಹುಲ್ಲಿನ ಚೀಲಗಳಲ್ಲಿ ಚಿಪ್ಪಿ ಅಣಬೆಯನ್ನೂ ಬೆಳೆಸುತ್ತಿದ್ದರೆ? ಚೀಲದಲ್ಲಿ ಹಸಿರು ಬೂಷ್ಟು ಕಂಡರೆ ಅಣಬೆ ಬೆಳೆಯುವವರ ಎದೆ ಧಸಕ್ಕೆನ್ನುತ್ತದೆ. ಆ ಬೂಷ್ಟು ಹೆಚ್ಚಾಗಿ ಟ್ರೈಕೋಡರ್ಮಾವೇ! ಅದು ಚಿಪ್ಪಿ ಅಣಬೆಯ ತಂತುಜಾಲವನ್ನು ತಿಂದು ಬೆಳೆಯನ್ನು ಹಾಳುಮಾಡುತ್ತದೆ. ಅಂಥ ಚೀಲವನ್ನು ಕೂಡಲೇ ಕೊಟ್ಟಿಗೆಯಿಂದ ದೂರ ಒಯ್ಯಬೇಕಾಗುತ್ತದೆ. ಟ್ರೈಕೋಡರ್ಮಾ ಬೆರೆಸಿದ ಗೊಬ್ಬರದ ರಾಶಿಯನ್ನು ಅಣಬೆಯ ಕೊಟ್ಟಿಗೆಯ ಪಕ್ಕ ಇಡಬಾರದು. ಆ ರಾಶಿಯನ್ನು ಮಗುಚಿದ ಕೈಯಲ್ಲಿ, ಅದೇ ಬಟ್ಟೆಯಲ್ಲಿ ಅಣಬೆಯ ಚೀಲಗಳನ್ನು ಮುಟ್ಟಬಾರದು. ಮೆಣಸಿನ ಬುಡದಲ್ಲಿ ರಕ್ಷಕನಾದ ಜೀವಿಯೇ ಹತ್ತು ಮಾರು ದೂರದ ಕೊಟ್ಟಿಗೆಯಲ್ಲಿ ಭಕ್ಷಕ.

ಪರಾವಲಂಬಿ ಎಂಬ ಪದವನ್ನು ನಾವು ಮನುಷ್ಯರನ್ನು ಹೀಗಳೆಯಲು ಬಳಸುತ್ತೇವೆ. ನಿಸರ್ಗದಲ್ಲಿ ಆ ಪದ ಬೈಗುಳವಲ್ಲ, ಬದುಕಿನ ಒಂದು ಬಗೆ. ರಸ್ಸುಲಾದ ಪಾಲಿಗೆ ಹೈಪೊಮೈಸಿಸ್ ರೋಗ. ಬುಟ್ಟಿ ಹಿಡಿದ ಮನುಷ್ಯನ ಪಾಲಿಗೆ ಅದು ಊಟ. ಟ್ರೈಕೋಡರ್ಮಾ ಮೆಣಸಿನ ಬಳ್ಳಿಗೆ ಕಾವಲುಗಾರ, ಚಿಪ್ಪಿ ಅಣಬೆಗೆ ಶತ್ರು. ಜೀವಿ ಒಂದೇ. ನಾವು ಯಾವ ಕಡೆ ನಿಂತು ನೋಡುತ್ತೇವೆ ಎಂಬುದರ ಮೇಲೆ ಅದರ ಹೆಸರು ಬದಲಾಗುತ್ತದೆ. ಆದ್ದರಿಂದ ಒಂದು ಜೀವಿಯನ್ನು ಕಂಡಾಗ ಒಳ್ಳೆಯದೇ ಕೆಟ್ಟದ್ದೇ ಎಂದು ತೀರ್ಪು ಕೊಡುವ ಮೊದಲು ಅದು ಯಾರೊಂದಿಗೆ, ಎಲ್ಲಿ, ಹೇಗೆ ಬದುಕುತ್ತಿದೆ ಎಂದು ಕೇಳಿಕೊಳ್ಳಿ. ಈ ಬಾರಿಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಅಣಬೆಯೊಂದು ದಾರಿಯ ಬದಿಯಲ್ಲಿ ಕಂಡರೆ ಕಾಲಿನಿಂದ ಒದೆಯಬೇಡಿ, ಕೈಯಿಂದ ಕೀಳಬೇಡಿ. ಬಾಗಿ ನೋಡಿ. ಅಲ್ಲಿ ಒಂದಲ್ಲ, ಎರಡು ಜೀವಗಳಿರುತ್ತವೆ.

ಪದಕೋಶ

ಆತಿಥೇಯ: ಅತಿಥಿಗೆ ಆಸರೆ ಕೊಡುವವನು, ಇಲ್ಲಿ, ಪರಾವಲಂಬಿಗೆ ನೆಲೆಯಾದ ಜೀವಿ
ಪರಾವಲಂಬಿ: ಬೇರೊಂದು ಜೀವಿಯ ಮೈಯಿಂದ ಆಹಾರ ಪಡೆದು ಬದುಕುವ ಜೀವಿ
ಸೂಚಿಪರ್ಣಿ: ಸೂಜಿಯಂಥ ಎಲೆಗಳಿರುವ ಮರ
ಬೂಷ್ಟು: ಹಳಸಿದ ಅಥವಾ ತೇವದ ವಸ್ತುಗಳ ಮೇಲೆ ಬರುವ ಶಿಲೀಂಧ್ರದ ಪದರ
ಕದಿರು: ನೂಲು ಸುತ್ತುವ, ಎರಡೂ ತುದಿ ಚೂಪಾದ ಕಡ್ಡಿ
ಕಿಣ್ವ: ಜೀವಿಗಳ ಮೈಯಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತು

ಆಲೋಚಿಸಿ, ಉತ್ತರಿಸಿ

1. ಶಿಲೀಂಧ್ರಗಳು ಆಹಾರ ಪಡೆಯುವ ಮೂರು ದಾರಿಗಳು ಯಾವುವು? ಒಂದೊಂದಕ್ಕೂ ಪಾಠದಿಂದ ಉದಾಹರಣೆ ಕೊಡಿ.
2. ಪರಾವಲಂಬಿ ಹತ್ತಿದ ಬಳಿಕ ರಸ್ಸುಲಾ ಅಣಬೆಯಲ್ಲಿ ಆಗುವ ಬದಲಾವಣೆಗಳನ್ನು ಪಟ್ಟಿ ಮಾಡಿ.
3. ಲಾಬ್‌ಸ್ಟರ್ ಅಣಬೆಯನ್ನು ಮನೆಯಲ್ಲಿ ಬೆಳೆಸಲು ಸಾಧ್ಯವಿಲ್ಲ, ಏಕೆ?
4. ಬೆಳ್ಳಿಯ ನಾಣ್ಯದ ಪರೀಕ್ಷೆಯನ್ನು ನಂಬುವ ಒಬ್ಬ ಹಿರಿಯರಿಗೆ ನೀವು ಗೌರವದಿಂದ ಹೇಗೆ ತಿಳಿಸಿ ಹೇಳುವಿರಿ? ಸಂಭಾಷಣೆಯ ರೂಪದಲ್ಲಿ ಬರೆಯಿರಿ.
5. 'ರಕ್ಷಕನಾದ ಜೀವಿಯೇ ಭಕ್ಷಕ.' ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿ.

ಭಾಷಾಭ್ಯಾಸ

ಬಿಡಿಸಿ ಬರೆದು, ಯಾವ ಸಂಧಿ ಎಂದು ತಿಳಿಸಿ: ಪರಾವಲಂಬಿ, ಪರೋಪಜೀವಿ, ಬೀಜಾಣು, ಮೇಲೊಬ್ಬ.

ಚಟುವಟಿಕೆ

1. ನಿಮ್ಮ ಮನೆಯ ಮತ್ತು ನೆರೆಯ ಹಿರಿಯರನ್ನು ಕೇಳಿ, ಅವರು ಬಲ್ಲ ಅಣಬೆಗಳ ಹೆಸರುಗಳನ್ನು ಕನ್ನಡ, ತುಳು, ಮಲೆಯಾಳಗಳಲ್ಲಿ ಸಂಗ್ರಹಿಸಿ. ಯಾವ ತಿಂಗಳಲ್ಲಿ, ಎಂಥ ಜಾಗದಲ್ಲಿ ಅವು ಏಳುತ್ತವೆ ಎಂಬುದನ್ನೂ ಬರೆದುಕೊಳ್ಳಿ.
2. ಅಂಗಡಿಯಿಂದ ತಂದ ಬಲಿತ ಚಿಪ್ಪಿ ಅಣಬೆಯೊಂದನ್ನು ಪದರುಗಳು ಕೆಳಗೆ ಬರುವಂತೆ ಕಪ್ಪು ಕಾಗದದ ಮೇಲಿಟ್ಟು, ಒಂದು ರಾತ್ರಿ ಬೋಗುಣಿ ಮುಚ್ಚಿಡಿ. ಬೆಳಗ್ಗೆ ಕಾಗದದ ಮೇಲೆ ಮೂಡಿದ ಗುರುತನ್ನು ನೋಡಿ. ಅದು ಯಾವುದರಿಂದ ಆದದ್ದು? ತರಗತಿಯಲ್ಲಿ ಚರ್ಚಿಸಿ. ಕಾಡಿನ ಅಣಬೆಗಳನ್ನು ಈ ಪ್ರಯೋಗಕ್ಕೆ ಬಳಸಬೇಡಿ.